ಕಾಕಾ ಬಿಗಿಯದೆ ಬಿಟ್ಟ ನಟ್ಟು

ನಮ್ಮ ಕೆಳಗಿನ ಮನೆಯ ಕಾಕಾ ಯಾರ ಕೆಲಸವನ್ನೂ ನಂಬುತ್ತಿರಲಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ ನಾನು. ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಮಾತಾಡಿಸಿಕೊಂಡು ಹೋಗಲು ಬಂದವರೆಲ್ಲ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕೂತು, "ಭಾಳ ಒಳ್ಳೆಯವರಿದ್ರು" ಎಂದು ಹೇಳಿ ಎದ್ದು ಹೋದರು. ಒಳ್ಳೆಯವರು ಹೌದು, ಇಲ್ಲ ಎಂದವರಾರು? ಆದರೆ ಆ ಮಾತಿನಲ್ಲಿ ನನಗೆ ಕಾಕಾ ಎಲ್ಲಿಯೂ ಕಾಣಿಸಲಿಲ್ಲ. ಒಳ್ಳೆಯವರು ಊರ ತುಂಬ ಇದ್ದಾರೆ. ಬಾಡಿಗೆಯವರು ಬೀಗ ಹಾಕಿಕೊಂಡು ಊರಿಗೆ ಹೊರಟರೆ ಹಿಂದೆಯೇ ಮೆಟ್ಟಿಲು ಹತ್ತಿ ಬಂದು, ಆ ಬೀಗವನ್ನು ಜಗ್ಗಿ ಜಗ್ಗಿ ನೋಡಿ, "ಈಗ ಹೋಗ್ರಿ" ಎಂದು ಅಪ್ಪಣೆ ಕೊಡುತ್ತಿದ್ದವರು ಇವರೊಬ್ಬರೇ.

ಉಪ್ಪಲ್‌ನಲ್ಲಿ, ಮೆಟ್ರೋ ಡಿಪೋದ ಆಚೆಯ ಗಲ್ಲಿಯಲ್ಲಿ ಅವರ ಮನೆ. ಕೆಳಗೆ ಕಾಕಾ ಮತ್ತು ಅವರ ಹೆಂಡತಿ ಕಾಕು. ಮೇಲೆ ಬಾಡಿಗೆಗೆ ನಾವು: ನಾನು, ನಮ್ಮ ಯಜಮಾನರು, ಮಗಳು ಪಲ್ಲವಿ. ಕಾಕಾನ ಹಿರಿಯರು ರಾಯಚೂರು ಕಡೆಯಿಂದ ನೌಕರಿಗೆಂದು ಹೈದರಾಬಾದಿಗೆ ಬಂದು ಇಲ್ಲಿಯವರೇ ಆಗಿಹೋದವರು. ನನ್ನ ತವರೂ ಅದೇ ಸೀಮೆಯದು. ಮನೆ ಕೇಳಲು ಹೋದ ದಿನ ನನ್ನ ಮಾತಿನ ವರಸೆ ಕೇಳಿ ಕಾಕು ಒಳಗಿನಿಂದ ಓಡಿ ಬಂದು, "ನಮ್ಮ ಮಂದಿ ಅದಾರ್ರಿ, ಕೊಟ್ಟಬಿಡ್ರಿ" ಎಂದಿದ್ದರು. ಕಾಕಾ ಮಾತ್ರ ನಮ್ಮಿಬ್ಬರ ಆಫೀಸು, ಊರು, ಬಂಧುಬಳಗ ಎಲ್ಲ ವಿಚಾರಿಸಿಕೊಂಡ ಮೇಲೆಯೇ ಕೀಲಿಕೈ ಕೊಟ್ಟದ್ದು.

ಅವರು ಸರಕಾರದ ಆಡಿಟ್ ಖಾತೆಯಲ್ಲಿದ್ದು ನಿವೃತ್ತರಾದವರು. ನೌಕರಿಯ ಉದ್ದಕ್ಕೂ ಬೇರೆಯವರು ಬರೆದ ಲೆಕ್ಕದಲ್ಲಿ ತಪ್ಪು ಹುಡುಕಿದ ಮನುಷ್ಯ ಮನೆಗೆ ಬಂದು ಸುಮ್ಮನೆ ಕೂರುತ್ತಾರೆಯೇ? ಮದುವೆಗೆ ಹೋದರೆ ಕುರ್ಚಿಯನ್ನು ಅಲುಗಾಡಿಸಿ ನೋಡದೆ ಕೂರುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನು ವಾಸನೆ ಬರುವುದಿಲ್ಲ ಎಂದು ಆಣೆ ಇಟ್ಟು ಹೇಳಿದರೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೋ ಎಂದು ಕಾಯುತ್ತಿದ್ದರು. ನಾನು ಕೊಟ್ಟ ಚಟ್ನಿಪುಡಿಯನ್ನು ಮೊದಲು ಮೂಸಿ ನೋಡಿ, ಆಮೇಲೆ ಬಾಯಿಗಿಟ್ಟು, ಆಮೇಲೆ "ಶೇಂಗಾ ಜರಾ ಹೆಚ್ಚ ಹುರದಿ" ಎನ್ನುತ್ತಿದ್ದರು. ಡಬ್ಬಿ ಮಾತ್ರ ಖಾಲಿಯಾಗಿಯೇ ವಾಪಸು ಬರುತ್ತಿತ್ತು.

ಅವರ ಹತ್ತಿರ ಒಂದು ಹಳೆಯ ಬಿಳಿ ಕಾರಿತ್ತು. ಒಮ್ಮೆ ಯಾವನೋ ಮೆಕ್ಯಾನಿಕ್ ಹೊಸ ಭಾಗ ಹಾಕಿದ್ದೇನೆಂದು ಹೇಳಿ ಹಳೆಯದಕ್ಕೇ ಕಪ್ಪು ಬಣ್ಣ ಬಳಿದು ಕೂರಿಸಿದ್ದನಂತೆ. ಕಾಕಾ ಅಲ್ಲಿಯೇ ಉಗುರಿನಿಂದ ಕೆರೆದು ನೋಡಿ, ಮರುಮಾತಾಡದೆ ಗಾಡಿ ತಂದುಬಿಟ್ಟರು. ಅಂದಿನಿಂದ ಆ ಕಾರಿಗೆ ಅವರ ಕೈಯೊಂದೇ. ಮೆಟ್ಟಿಲ ಕೆಳಗೆ ಗೋಣಿಚೀಲ ಹಾಸಿಕೊಂಡು, ತೂತುಬಿದ್ದ ಬನಿಯನ್ನಿನಲ್ಲಿ ಗಾಡಿಯ ಅಡಿಗೆ ಮಲಗುತ್ತಿದ್ದರು. ಒಳಗಿನಿಂದ ಅವರ ಮಾತು ಕೇಳುತ್ತಿತ್ತು. ಗಾಡಿಯ ಸಂಗಡ ಉರ್ದುವಿನಲ್ಲಿ, ಬಿಚ್ಚಿ ಬಾರದ ಬೋಲ್ಟನ್ನು ಬೈಯುವುದು ತೆಲುಗಿನಲ್ಲಿ, ಅದು ಬಿಚ್ಚಿ ಬಂದಾಗ ರಾಘವೇಂದ್ರಸ್ವಾಮಿಗಳನ್ನು ನೆನೆಯುವುದು ಕನ್ನಡದಲ್ಲಿ.

ಭಾಗಗಳನ್ನು ತರಲು ರಾಣಿಗಂಜಿಗೆ ಹೋಗುತ್ತಿದ್ದರು. ಒಂದು ಸಲ ಅಬಿಡ್ಸ್‌ನ ನನ್ನ ಆಫೀಸಿನಿಂದ ಬರುತ್ತ ನಾನೂ ಜೊತೆಯಾಗಿದ್ದೆ. ಅಂಗಡಿಯವನು ಕೊಟ್ಟ ಕಬ್ಬಿಣದ ತುಂಡನ್ನು ಕಾಕಾ ಕಿವಿಯ ಹತ್ತಿರ ಹಿಡಿದು ತಿರುಗಿಸಿ, ಬೆಳಕಿಗೆ ಹಿಡಿದು, ಮತ್ತೆ ತಿರುಗಿಸಿದರು. ಅವನಿಗೆ ಸಾಕಾಗಿ ಹೋಯಿತು.

"ಶಾದೀ ಕರ್ ರೈ ಕ್ಯಾ ಅಂಕಲ್, ಇತ್ತಾ ದೇಖ್ ರೈ?" ಎಂದ, ಮದುವೆಗೆ ಹೆಣ್ಣು ನೋಡುತ್ತಿದ್ದೀರಾ ಎಂಬ ಧಾಟಿಯಲ್ಲಿ.

"ಶಾದೀ ತೋ ಬಿನಾ ದೇಖೇ ಕರ್‌ಲಿಯಾ ಮಿಯಾ, ಇಸ್ಕೋ ತೋ ದೇಖ್ನೇ ದೋ" ಎಂದರು ಕಾಕಾ, ಮುಖ ಗಂಭೀರವಾಗಿಟ್ಟುಕೊಂಡು. ಮದುವೆಯನ್ನು ನೋಡದೇ ಮಾಡಿಕೊಂಡೆ, ಇದನ್ನಾದರೂ ನೋಡಲು ಬಿಡು ಎಂದು.

ಕೆಲಸಕ್ಕೆ ಅವರದೇ ಆದ ಕೆಲವು ಕಟ್ಟುಪಾಡುಗಳಿದ್ದವು. ಅರ್ಧ ಕೆಲಸವಾದ ಗಾಡಿಯನ್ನು ಜಾಕಿನಿಂದ ನೆಲಕ್ಕೆ ಇಳಿಸಬಾರದು. ಕೆಲಸ ಮುಗಿಯುವ ತನಕ ಸ್ಟೇರಿಂಗಿಗೆ ಒಂದು ಮಾಸಿದ ಟವೆಲ್ಲು ಕಟ್ಟಿರಬೇಕು, ಅದು ಇದ್ದರೆ ಯಾರೂ ಗಾಡಿ ಮುಟ್ಟಬಾರದು. ಮುಗಿದ ಮೇಲೆ ಮೊದಲ ಸುತ್ತು ಅವರೊಬ್ಬರೇ ಹೊಡೆಯಬೇಕು. ಆ ಸುತ್ತು ಮುಗಿಸಿ ಬಂದು ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರೆ, ಗಾಡಿ ನಮ್ಮದೂ ಆಗುತ್ತಿತ್ತು. ಕೀಲಿಕೈ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು, ಬೇಕಾದಾಗ ಕೇಳಿ ಒಯ್ಯುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ, ಒಂದು ದಸರೆಯ ಹೊತ್ತಿಗೆ ಸ್ಟೇರಿಂಗ್ ಸಡಿಲಾಗಿ ಅದರಲ್ಲಿ ಆಟ ಬಂದಿತ್ತು. ಅದರ ಬಗ್ಗೆ ಆಮೇಲೆ ಕಾಕಾ ನನಗೆ ಎಷ್ಟೋ ಸಲ ಹೇಳಿದ್ದರಿಂದ ಈಗ ನಿದ್ದೆಯಲ್ಲೂ ಹೇಳಬಲ್ಲೆ. ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಗಾಲಿಗಳು ತಿರುಗುತ್ತವಲ್ಲ, ನಡುವೆ ಒಂದು ಸಲಾಕೆ ಇದೆ. ಅದರ ಎರಡೂ ತುದಿಗೆ ಒಂದೊಂದು ಗುಂಡನೆಯ ಕೀಲು. ಟೈ ರಾಡ್ ಎಂಡ್ ಎನ್ನುತ್ತಾರೆ. ಆ ಕೀಲು ಗಾಲಿಯ ಕಡೆಗೆ ಕೂಡಿರುವುದು ಒಂದೇ ಒಂದು ನಟ್ಟಿನಿಂದ. ನಟ್ಟು ತಾನಾಗಿ ತಿರುಗಿ ಕಳಚದಂತೆ ಅದರೊಳಗೆ ಅಡ್ಡಲಾಗಿ ಒಂದು ಸಣ್ಣ ಪಿನ್ನು. ನಟ್ಟು ಬಿದ್ದುಹೋದರೆ ಸ್ಟೇರಿಂಗ್ ಕೈಯಲ್ಲಿ ಸುಮ್ಮನೆ ತಿರುಗುತ್ತದೆ, ಗಾಲಿ ತನ್ನ ದಾರಿ ಹಿಡಿಯುತ್ತದೆ.

ಕಾಕಾ ಎರಡೂ ಕೀಲು ಬದಲಿಸಲು ಕೂತರು. ಎಡಗಡೆಯದು ಸಲೀಸಾಗಿ ಮುಗಿಯಿತು. ಬಲಗಡೆಯ ಹಳೆಯ ಕೀಲು ತುಕ್ಕು ಹಿಡಿದು ಕೂತಿತ್ತು, ಬಿಡಲೊಲ್ಲದು. ಅದು ಬಿಟ್ಟು ಬಂದದ್ದು ಮರುದಿನ ಬೆಳಿಗ್ಗೆ, ಖಂಡೇನವಮಿಯ ದಿನ. ಹೊಸ ಕೀಲು ಕೂರಿಸಿ, ನಟ್ಟನ್ನು ಬೆರಳಿನಿಂದ ತಿರುಗಿಸಿ ಹಚ್ಚಿ, ಬಿಗಿಯಲು ಪಾನಾ, ಅಂದರೆ ಸ್ಪ್ಯಾನರ್, ಹುಡುಕುತ್ತಾರೆ, ಪಾನಾ ಇಲ್ಲ. ಕಾಕು ಬುಟ್ಟಿ ಹಿಡಿದುಕೊಂಡು ಬಂದು ಜಾಕು, ಗಾಲಿಯ ಪಾನಾ ಬಿಟ್ಟು ಉಳಿದ ಎಲ್ಲವನ್ನೂ ಒಳಗೆ ಒಯ್ದಿದ್ದರು.

ನಮ್ಮ ಕಡೆ ಖಂಡೇಪೂಜೆ ಎಂದರೆ ಹಾಗೆಯೇ. ಮನೆಯಲ್ಲಿರುವ ಈಳಿಗೆ, ಕತ್ತರಿ, ಸುತ್ತಿಗೆ, ಪಾನಾ, ಇಕ್ಕಳದಂಥ ಪಕ್ಕಡ ಎಲ್ಲ ತೊಳೆದು, ಕುಂಕುಮ ಹಚ್ಚಿ, ದೇವರ ಮುಂದೆ ಇಟ್ಟುಬಿಡುತ್ತೇವೆ. ಮರುದಿನ ದಶಮಿಯ ಪೂಜೆಯಾಗುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಅವತ್ತಿನ ಪಲ್ಯವನ್ನು ಕೂಡ ಹಿಂದಿನ ದಿನವೇ ಹೆಚ್ಚಿ ಇಟ್ಟಿರುತ್ತೇವೆ. ಮುಂದೆ ಆದ ಮಾತನ್ನು ನನಗೆ ಕಾಕು ಆಮೇಲೆ ಹೇಳಿದರು.

"ಒಂದ ಒಂದು ನಟ್ ಉಳದೈತಿ, ಆ ಪಾನಾ ಕೊಡು" ಎಂದರಂತೆ ಕಾಕಾ.

"ಕುಂಕುಮ ಹಚ್ಚೀನ್ರಿ ಅದಕ್ಕ. ನಾಳಿ ಮಾಡ್ರಿ. ನಟ್ ಎಲ್ಲಿ ಓಡಿ ಹೋಗತೈತಿ? ಮೊದಲ ಗಾಡಿ ಕೆಳಗ ಇಳಸ್ರಿ. ಹಬ್ಬದ ದಿನ ಗಾಲಿ ಬಿಚ್ಚಿ ನಿಂದ್ರಿಸಿದ ಗಾಡಿಗೆ ಹೆಂಗ ಪೂಜಾ ಮಾಡ್ಲಿ?"

ಕಾಕಾ ಗೊಣಗಿದರು, ಆದರೂ ಗಾಲಿ ಹಾಕಿದರು. ಜಾಕು ಇಳಿಸಿದರು. ಜಾಕು, ಗಾಲಿಯ ಪಾನಾ ಎರಡೂ ದೇವರ ಮುಂದೆ ಹೋದವು. ಸ್ಟೇರಿಂಗಿಗೆ ಟವೆಲ್ಲು ಕಟ್ಟಿ, ಇವತ್ತು ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸುವುದು ಬೇಡ, ನಾಳೆ ನೋಡೋಣ ಎಂದು ಹೇಳಿ ಸ್ನಾನಕ್ಕೆ ಹೋದರು.

ಪೂಜೆಯ ಹೊತ್ತಿಗೆ ಕಾಕು ಆ ಎಣ್ಣೆ ಮೆತ್ತಿದ ಟವೆಲ್ಲನ್ನು ನೋಡಿದರು. ದೇವರಂತೆ ಅಲಂಕಾರ ಮಾಡಿದ ಗಾಡಿಗೆ ಅಂಥದ್ದೊಂದು ಮೈಲಿಗೆಯ ಚಿಂದಿಯೇ? ಬಿಚ್ಚಿ ತೊಳೆಯುವ ಬಕೆಟ್ಟಿಗೆ ಹಾಕಿ, ಅದೇ ಜಾಗದಲ್ಲಿ ಚೆಂಡುಹೂವಿನ ಸರ ಸುತ್ತಿದರು. ನಾಳೆಗೆಂದು ಗಾಲಿಗಳ ಕೆಳಗೆ ನಿಂಬೆಹಣ್ಣನ್ನೂ ಇಟ್ಟರು.

ಮಧ್ಯಾಹ್ನ ಹೋಳಿಗೆ ಉಂಡು ಕಾಕಾ ಮಲಗಿದರು. ಸಂಜೆ ನಮ್ಮ ಅತ್ತೆ ರಾಯಚೂರಿನಿಂದ ರೈಲಿನಲ್ಲಿ ಸಿಕಂದರಾಬಾದಿಗೆ ಬರುವವರಿದ್ದರು. ಹಬ್ಬಕ್ಕೆ ಆಟೋದವರೆಲ್ಲ ತಮ್ಮ ಊರು ಸೇರಿದ್ದರು. ಯಜಮಾನರು ಕೆಳಗೆ ಹೋಗಿ ಕಾರು ಕೇಳಿದರು. ಕಾಕು ಮೊಳೆಯಿಂದ ಕೀಲಿಕೈ ತೆಗೆದುಕೊಟ್ಟು, "ತಗೊಂಡ ಹೋಗಪಾ, ಪೂಜಾ ಆಗೇತಿ, ಶುಭ ಆಗಲಿ" ಎಂದರು. ಅಜ್ಜಿಯನ್ನು ಕರೆತರುತ್ತೇನೆಂದು ಪಲ್ಲವಿಯೂ ಹತ್ತಿ ಕೂತಳು. ನಾನು ಮೇಲೆ ಒಲೆಯ ಮುಂದಿದ್ದೆ, ಗಾಡಿ ಹೊರಟ ಸದ್ದಷ್ಟೇ ಕೇಳಿತು.

ಒಂದು ತಟ್ಟೆಯಲ್ಲಿ ಕರಿದದ್ದನ್ನು ಹಾಕಿಕೊಂಡು ನಾನು ಕೆಳಗೆ ಇಳಿದಾಗ ಕಾಕಾ ಅಂಗಳದಲ್ಲಿ ನಿಂತಿದ್ದರು. ಆಗಷ್ಟೇ ಎದ್ದ ಮುಖ. ಕಾರು ನಿಲ್ಲುವ ಜಾಗದಲ್ಲಿ ಒಡೆದ ನಿಂಬೆಹಣ್ಣುಗಳು ಮಾತ್ರ ಇದ್ದವು.

"ಗಾಡಿ ಎಲ್ಲೈತಿ?"

"ಇವರು ಸ್ಟೇಷನ್‌ಗೆ ಒಯ್ದಾರ್ರಿ ಕಾಕಾ, ನಮ್ಮ ಅತ್ತಿ ಬರ್ತಾರ. ಪಲ್ಲವಿನೂ ಹೋಗ್ಯಾಳ."

ಅವರು ನನ್ನ ಮುಖ ನೋಡಿದರು.

"ಬಲಗಡೆ ಗಾಲಿ ನಟ್ ನಾ ಬಿಗಿ ಮಾಡಿಲ್ಲ" ಎಂದರು. "ಫೋನ್ ಮಾಡು. ಎಲ್ಲಿದ್ದಾನೋ ಅಲ್ಲೇ ನಿಂದ್ರಸು ಅನ್ನು."

ಮಾಡಿದೆ. ಯಜಮಾನರ ಫೋನು ನಮ್ಮ ಮನೆಯೊಳಗೇ ರಿಂಗಾಯಿತು. ಚಾರ್ಜಿಗೆ ಹಾಕಿ ಮರೆತು ಹೋಗಿದ್ದರು. ಅತ್ತೆಯ ಫೋನಿಗೆ ಹಚ್ಚಿದೆ. ಬ್ಯಾಟರಿ ಉಳಿಯಲೆಂದು ಅವರು ಪ್ರಯಾಣದಲ್ಲಿ ಅದನ್ನು ಬಂದ್ ಮಾಡಿಯೇ ಇಡುವವರು. ನಾನು ತಟ್ಟೆ ಎಲ್ಲಿಟ್ಟೆನೋ ಗೊತ್ತಿಲ್ಲ, ಸ್ಕೂಟರಿನ ಕೀಲಿಕೈ ಹುಡುಕಲು ಮೇಲೆ ಓಡಿದೆ.

ಇಳಿದು ಬಂದಾಗ ಕಾಕಾ ದೇವರ ಮುಂದೆ ಬಗ್ಗಿದ್ದರು. ಹೂವಿನ ನಡುವಿನಿಂದ ಪಾನಾ ಎಳೆದುಕೊಂಡರು, ಪಕ್ಕಡ ತೆಗೆದುಕೊಂಡರು. ಬಟ್ಟಲಲ್ಲಿದ್ದ ಆ ಸಣ್ಣ ಪಿನ್ನಿಗೂ ಕಾಕು ಕುಂಕುಮ ಹಚ್ಚಿದ್ದರು.

"ಅಯ್ಯ, ಏನ್ರಿ ಇದು? ನಾಳಿ ತನಕ ಮುಟ್ಟಬಾರದ್ರಿ" ಎಂದು ಕಾಕು ಅವರ ಕೈ ಹಿಡಿದರು.

"ಕೂಸು ಗಾಡ್ಯಾಗ ಐತಿ. ಬಿಡು" ಎಂದರು ಕಾಕಾ.

ಕಾಕು ಕೈ ಬಿಟ್ಟರು. ಆಮೇಲೆ ಏನು ನೆನಪಾಯಿತೋ, ಬಚ್ಚಲ ಕಡೆ ಹೊರಳಿ ಬಕೆಟ್ಟು ನೋಡಿ ಅಲ್ಲಿಯೇ ಕುಸಿದು ಕೂತರು. ಅವರನ್ನು ಎಬ್ಬಿಸಲು ನನಗೆ ವ್ಯವಧಾನವಿರಲಿಲ್ಲ.

ಹಬ್ಬಕ್ಕೆಂದು ಉಟ್ಟ ಹೊಸ ಧೋತರವನ್ನು ಮೊಣಕಾಲ ಮೇಲೆ ಎತ್ತಿಕೊಂಡು ಕಾಕಾ ನನ್ನ ಸ್ಕೂಟರಿನ ಹಿಂದೆ ಕೂತರು. ಹಬ್ಸಿಗುಡದ ತನಕ ರಸ್ತೆಯ ಎರಡೂ ಬದಿಗೆ ಹೂವು, ಬೂದುಗುಂಬಳಕಾಯಿ, ಜನ. ಮೆಟ್ರೋ ಕಂಬಗಳ ನಡುವೆ ಎಲ್ಲ ಗಾಡಿಗಳಿಗೂ ಬಾಳೆಕಂದು, ಹೂವಿನ ಸರ. ಬಿಳಿ ಕಾರು ಕಂಡಲ್ಲೆಲ್ಲ ನಾನು ಬಗ್ಗಿ ನೋಡುತ್ತಿದ್ದೆ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಕಾಕಾ ಹಿಂದಿನಿಂದ ಶುರುಮಾಡಿದರು.

"ಸಾವಕಾಶ ಹೊಡದ್ರ ತಡೀತೈತಿ. ಸೀದಾ ರಸ್ತೆ ಫಿಕರ್ ಇಲ್ಲ. ತಿರುವಿನ್ಯಾಗ ಜೋರು ತಿರುಗಿಸಿದ್ರ, ಇಲ್ಲಾ ತಗ್ಗಿನ್ಯಾಗ ಗಾಲಿ ಬಿದ್ರ..."

"ಸುಮ್ನ ಕೂಡ್ರಿ ಕಾಕಾ" ಎಂದೆ. ಅವರ ಮುಂದೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಆ ದಾರಿಯಲ್ಲಿ ನಾನು ಅವರನ್ನು ಮನಸ್ಸಿನಲ್ಲಿ ಶಪಿಸಿದಷ್ಟು ಯಾರನ್ನೂ ಶಪಿಸಿಲ್ಲ. ನಿಮ್ಮ ಕೈ, ನಿಮ್ಮ ಹಟ, ಊರಲ್ಲಿ ಮೆಕ್ಯಾನಿಕ್‌ಗಳೇ ಇಲ್ಲವೇನು, ನನ್ನ ಮಗಳಿಗೆ ಏನಾದರೂ ಆಗಲಿ, ಆಮೇಲೆ ನೋಡಿರಿ ಎಂದು ಒಳಗೊಳಗೇ ಹಲ್ಲು ಕಡಿದೆ.

ತಾರನಾಕದ ಚೌಕದಲ್ಲಿ ಜನ ಗುಂಪುಗೂಡಿದ್ದರು. ನಡುವೆ ಒಂದು ಬಿಳಿ ಕಾರಿನ ಬೆನ್ನು ಕಾಣುತ್ತಿತ್ತು, ರಸ್ತೆಯ ಮೇಲೆ ಏನೋ ಒಡೆದು ಹರಡಿತ್ತು. ನಾನು ಸ್ಕೂಟರ್ ನಿಲ್ಲಿಸುವ ಮೊದಲೇ ಕಾಕಾ ಇಳಿದು ಎಡವಿದರು, ಎದ್ದರು, ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದರು. ನನಗೆ ಇಳಿಯಲಾಗಲಿಲ್ಲ. ಹ್ಯಾಂಡಲ್ ಹಿಡಿದುಕೊಂಡು ಅವರ ತಲೆ ಮತ್ತೆ ಕಾಣಿಸುವ ದಾರಿ ಕಾಯುತ್ತ ನಿಂತೆ. ಅವರು ಹೊರಬಂದು, ದೂರದಿಂದಲೇ ಕೈ ಅಲ್ಲಾಡಿಸಿದರು, ಅಲ್ಲ ಎಂದು. ಯಾರದೋ ಕಾರು ಕುಂಬಳಕಾಯಿಯ ಬಂಡಿಗೆ ತಾಗಿತ್ತು. ಬಂಡಿಯವನು ತೆಲುಗಿನಲ್ಲಿ ಬಯ್ಯುತ್ತಿದ್ದ. ಆ ಬೈಗುಳ ಕೇಳಿ ನನಗೆ ಜೀವ ಬಂದಂತಾಯಿತು.

ಸಿಕಂದರಾಬಾದ್ ಸ್ಟೇಷನ್ನಿನ ಹೊರಗೆ ಗಾಡಿಗಳ ಸಾಲುಗಳಲ್ಲಿ ಇಬ್ಬರೂ ಎರಡು ಕಡೆಯಿಂದ ಹುಡುಕಿದೆವು. ಮೊದಲು ಕಂಡುಹಿಡಿದವರು ಕಾಕಾ. ಕಾರು ನೆಟ್ಟಗೆ ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಸ್ಟೇರಿಂಗಿನ ಮೇಲೆ ಚೆಂಡುಹೂವಿನ ಸರ. ಕಾಕಾ ಅದನ್ನು ಗಾಜಿನಿಂದ ನೋಡಿದರು. ಹೊಸ ಧೋತರದಲ್ಲಿಯೇ ಎಣ್ಣೆ, ಎಲೆಯಡಿಕೆಯ ಉಗುಳು ಬಿದ್ದ ನೆಲದ ಮೇಲೆ ಮಲಗಿ ಬಲಗಾಲಿಯ ಹಿಂದೆ ಕೈ ತೂರಿಸಿದರು.

ಸ್ವಲ್ಪ ಹೊತ್ತು ಅವರ ಕಾಲುಗಳಷ್ಟೇ ಕಾಣುತ್ತಿದ್ದವು. ಆಮೇಲೆ ಎದ್ದು ಕೂತು ಅಂಗೈ ಬಿಚ್ಚಿದರು. ನಟ್ಟು ಅದರಲ್ಲಿತ್ತು.

"ಬೆರಳ ಹಚ್ಚಿದ ಕೂಡಲೇ ಕೈಗೆ ಬಂತು" ಎಂದರು. "ತುದಿಯಾಗ ನಿಂತಿತ್ತು."

ಅದನ್ನು ನನಗೆ ತೋರಿಸುವ ಅಗತ್ಯವಿರಲಿಲ್ಲ. ಒಳಗೇ ಬಿಗಿದು, ಸರಿಯಾಗಿಯೇ ಇತ್ತು, ಸುಮ್ಮನೆ ಹೆದರಿದೆವು ಎಂದಿದ್ದರೆ ನಾನು ದೇವರಿಗೆ ಕೈ ಮುಗಿದು ನಂಬಿಬಿಡುತ್ತಿದ್ದೆ. ಅವರು ನನ್ನ ಕಣ್ಣು ಅದರ ಮೇಲಿಂದ ಸರಿಯುವ ತನಕ ಅಂಗೈ ಮುಚ್ಚಲಿಲ್ಲ. ಆಮೇಲೆ ಮತ್ತೆ ಮಲಗಿ, ಅದನ್ನು ಹಚ್ಚಿ, ಪಾನಾ ಹಾಕಿ ಬಿಗಿದು, ಪಿನ್ನು ತೂರಿಸಿ ಅದರ ಕಾಲುಗಳನ್ನು ಪಕ್ಕಡದಿಂದ ಬಗ್ಗಿಸಿದರು. ಅಷ್ಟರಲ್ಲಿ ಯಜಮಾನರು ಚೀಲ ಹೊತ್ತುಕೊಂಡು, ಪಲ್ಲವಿ ಅಜ್ಜಿಯ ಕೈ ಹಿಡಿದುಕೊಂಡು ಬಂದರು. ನಾನು ಓಡಿ ಮಗಳನ್ನು ತಬ್ಬಿಕೊಂಡೆ.

ಅತ್ತೆಗೆ ಭಾರೀ ಸಂತೋಷ. "ನನ್ನ ಕರಿಯಾಕ ಇಷ್ಟ ಮಂದಿ ಬಂದೀರೇನವಾ?" ಎಂದರು.

ಕಾಕಾ ಯಜಮಾನರ ಮುಂದೆ ಹೋಗಿ ನಿಂತರು. ಕೈಯೆಲ್ಲ ಎಣ್ಣೆ, ಧೋತರ ಗುರುತು ಸಿಗದಷ್ಟು ಹೊಲಸಾಗಿತ್ತು.

"ಸ್ಟೇರಿಂಗಿನ ನಟ್ ನಾ ಬಿಗಿ ಮಾಡದ ಬಿಟ್ಟಿದ್ದೆ. ನೀ ಸಾಯತಿದ್ದಿ. ಕೂಸೂ ಸಾಯತಿತ್ತು."

ಯಜಮಾನರು ಒಳ್ಳೆಯ ಸ್ವಭಾವದವರು, ಹಿರಿಯರ ಮುಖ ಸಣ್ಣದಾಗುವುದು ಅವರಿಗೆ ಸೇರದು. "ಇರ್ಲಿ ಬಿಡ್ರಿ ಕಾಕಾ, ಏನೂ ಆಗಿಲ್ಲಲ್ಲ" ಎಂದು ನಕ್ಕರು.

"ನಗಬ್ಯಾಡ" ಎಂದರು ಕಾಕಾ. "ಆಗಿಲ್ಲ ಅಂದ್ರ ಅದು ನನ್ನ ಶಾಣ್ಯಾತನ ಅಲ್ಲ. ಅರ್ಧಾ ಕೆಲಸದ ಗಾಡಿ ಇಳಸಬಾರದು ಅಂತ ಊರಿಗೆಲ್ಲಾ ಹೇಳಾವ ನಾನು. ನಾನ ಇಳಿಸಿದೆ. ಈಗ ನೀವೆಲ್ಲಾ ಮೆಟ್ರೋದಾಗ ಹೋಗ್ರಿ. ಇದನ್ನ ನಾ ಒಬ್ಬಾವ ತರ್ತೀನಿ."

ಅತ್ತೆ, ಯಜಮಾನರು, ಪಲ್ಲವಿ ಮೆಟ್ರೋ ಹತ್ತಿದರು. ನಾನು ಸ್ಕೂಟರಿನಲ್ಲಿ ಕಾರಿನ ಹಿಂದೆ ಹೋದೆ. ಪ್ರತಿ ತಿರುವಿನಲ್ಲೂ ಬಲಗಾಲಿಯನ್ನೇ ನೋಡುತ್ತಿದ್ದೆ. ಅವರ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ, ಅವರಿಗೇನಾದರೂ ಆದರೆ ಎಂಬ ಭಯವೂ ಅದರ ಜೊತೆಯಲ್ಲೇ ಇತ್ತು.

ಮನೆಯಲ್ಲಿ ಕಾಕು ಅಳುತ್ತ ಕೂತಿದ್ದರು. "ನಾನ ಬಿಚ್ಚಿದೆನ್ರಿ ಆ ಟವೆಲ್. ಕೀಲಿಕೈನೂ ನಾನ ಕೊಟ್ಟೆ. ಎಂಥಾ ಪಾಪ ಮಾಡ್ತಿದ್ದೆ" ಎಂದು ನನ್ನ ಕೈ ಹಿಡಿದುಕೊಂಡರು. ನನಗೂ ಆ ಹೊತ್ತಿಗೆ ಯಾರ ಮೇಲಾದರೂ ತಪ್ಪು ಹೊರಿಸಿದರೆ ಸಾಕಾಗಿತ್ತು, ಏನಾದರೂ ಅಂದುಬಿಡುತ್ತಿದ್ದೆ.

"ನೀ ಟವೆಲ್ ಬಿಚ್ಚಿದ್ದಕ್ಕ ನಟ್ ಸಡಿಲ ಆಗಲಿಲ್ಲ" ಎಂದರು ಕಾಕಾ. "ಸಡಿಲ ಬಿಟ್ಟಾವ ನಾನು. ಅಳಬ್ಯಾಡ, ಏಳು. ಕೈಗೆ ನೀರು ಹಾಕು."

ಅದರ ಮೇಲೆ ಆ ಮನೆಯಲ್ಲಿ ಟವೆಲ್ಲಿನ ಮಾತು ಬರಲಿಲ್ಲ.

ಮರುದಿನ ಸಂಜೆ ಪದ್ಧತಿಯಂತೆ ಬನ್ನಿ ಎಲೆ ಹಿಡಿದುಕೊಂಡು ಕಾಕಾ ಮೆಟ್ಟಿಲು ಹತ್ತಿ ಬಂದರು. ಪ್ರತಿ ವರ್ಷ ನಾವು ಕೆಳಗೆ ಹೋಗಿ ಕೊಟ್ಟು ಕಾಲಿಗೆ ಬೀಳುವುದು, ಆ ವರ್ಷ ನಾನು ಹೋಗಿರಲಿಲ್ಲ. ಬಾಗಿಲಲ್ಲಿ ನಿಂತು, "ಬನ್ನಿ ತಗೋ ಯವ್ವಾ, ಬಂಗಾರದಂಗ ಇರೋಣು" ಎಂದರು. ಎಲೆ ತೆಗೆದುಕೊಂಡೆ. ತಿರುಗಿ ಬನ್ನಿ ಕೊಡದೆ, ಕಾಲಿಗೂ ಬೀಳದೆ ಒಳಗೆ ಹೋದೆ. ಅವರು ಇಳಿದು ಹೋದರು.

ದೀಪಾವಳಿ ಹತ್ತಿರ ಬರುವ ತನಕ ನಾನು ಅವರೊಡನೆ ಮಾತಾಡಲಿಲ್ಲ. ಒಂದು ಭಾನುವಾರ ಅಂಗಳದಿಂದ ಕೂಗು ಬಂತು, ಕೆಳಗೆ ಬಾ ಎಂದು. ಹೋದೆ. ಕಾರು ಜಾಕಿನ ಮೇಲಿತ್ತು, ಬಲಗಾಲಿ ಬಿಚ್ಚಿ ಪಕ್ಕಕ್ಕೆ ಒರಗಿಸಿದ್ದರು.

"ಕೈ ಹಚ್ಚಿ ನೋಡು."

"ನನಗೇನ ತಿಳೀತೈತ್ರಿ ಕಾಕಾ?"

"ನಟ್ ತಿರುಗತೈತೋ ಇಲ್ಲೋ ಅಷ್ಟ ನೋಡು. ಅದಕ್ಕೇನು ಶಾಣ್ಯಾತನ ಬೇಕು?" ಎಂದರು. ಆಮೇಲೆ ಸ್ವರ ತಗ್ಗಿಸಿ, "ಆಫೀಸಿನ್ಯಾಗ ಲೆಕ್ಕ ಬರದಾವ ತಾನ ತಪಾಸ ಮಾಡಾಂಗಿಲ್ಲ. ಮನ್ಯಾಗ ಮಾತ್ರ ನಾನ ಮಾಡೋದು, ನಾನ ತಪಾಸ. ಯಾರ ಮಂದಿ ಗಾಡ್ಯಾಗ ಕೂಡ್ತಾರೋ ಅವರು ನೋಡಬೇಕು. ನೀ ನೋಡು" ಎಂದರು.

ಕೈ ಹಚ್ಚಿದೆ. ಇದ್ದ ಶಕ್ತಿಯೆಲ್ಲ ಹಾಕಿ ತಿರುಗಿಸಲು ನೋಡಿದೆ. ನಟ್ಟು ಕದಲಲಿಲ್ಲ. ನನಗೆ ಏಕೋ ಅಳು ಬಂತು, ಅಲ್ಲಿಯೇ ಗೋಣಿಚೀಲದ ಮೇಲೆ ಕೂತು ಅತ್ತುಬಿಟ್ಟೆ. ಕಾಕಾ ಬೇರೆ ಕಡೆ ಮುಖ ಮಾಡಿ ಪಾನಾ ಒರೆಸುತ್ತಿದ್ದರು.

ಆಮೇಲಿನ ವರ್ಷಗಳಲ್ಲಿ ಆ ಕಾರಿನಲ್ಲಿ ಅವರು ಏನೇ ಮಾಡಲಿ, ಕೊನೆಗೆ ನನ್ನನ್ನು ಕರೆಯುತ್ತಿದ್ದರು. ನಾನು ಆಫೀಸಿನಿಂದ ಬರುವ ತನಕ ಗಾಡಿ ಜಾಕಿನ ಮೇಲೆಯೇ ಇರುತ್ತಿತ್ತು. ಹಬ್ಬವಿರಲಿ, ಅಮಾವಾಸ್ಯೆಯಿರಲಿ, ಕಾಕು ಅದರ ಬಗ್ಗೆ ಚಕಾರ ಎತ್ತುತ್ತಿರಲಿಲ್ಲ. ನೋಡುತ್ತ ನೋಡುತ್ತ ನಾನೂ ಒಂದಿಷ್ಟು ಕಲಿತೆ, ಡ್ರೈವಿಂಗನ್ನೂ ಅವರಿಂದಲೇ ಕಲಿತೆ. ಕಲಿಸುವಾಗ ಅವರು ಎಷ್ಟು ಬೈದರೆಂದು ಇಲ್ಲಿ ಬರೆಯುವುದು ಬೇಡ.

ಈ ಬೇಸಿಗೆಯಲ್ಲಿ ಕಾಕುವಿನ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಗಾಡಿ ನಾನು ಹೊಡೆಯುವುದೆಂದು ಆಗಿತ್ತು. ಸ್ಟೇರಿಂಗಿನಲ್ಲಿ ಮತ್ತೆ ಸದ್ದು ಬರುತ್ತಿತ್ತು. ಕಾಕಾನ ಕೈ ಆಗಲೇ ನಡುಗಲು ಶುರುವಾಗಿತ್ತು, ಚಹಾದ ಬಸಿ ಹಿಡಿದರೆ ಚೆಲ್ಲುತ್ತಿತ್ತು. ಮೆಕ್ಯಾನಿಕ್‌ನ ಹತ್ತಿರ ಒಯ್ಯೋಣ ಎಂದರೆ ಕೇಳಲಿಲ್ಲ. ಹಿಂದಿನ ದಿನ ಬೆಳಗಿನಿಂದ ಕೂತು ಹೊಸ ಕೀಲು ಹಾಕಿದರು. ಸಂಜೆ ನಾನು ಬಂದಾಗ ಬನಿಯನ್ನು ಬೆವರಿನಿಂದ ಒದ್ದೆಯಾಗಿ ಮೈಗೆ ಅಂಟಿತ್ತು. ಆದರೆ ಮುಖದಲ್ಲಿ ಹಳೆಯ ಗೆಲುವಿತ್ತು.

"ಬಾ, ನೋಡು" ಎಂದರು.

ಬಗ್ಗಿ ಬೆರಳು ಹಚ್ಚಿದೆ. ನಟ್ಟು ತಿರುಗಿತು.

ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಕೂತೆ. ಸರಿ ಇದೆ ಎಂದುಬಿಡಬಹುದಿತ್ತು. ಅವರು ಸ್ನಾನಕ್ಕೆ ಹೋದಾಗ ಬಂದು ಬಿಗಿದು ಪಿನ್ನು ಹಾಕಿದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ಗೆಲುವಾದರೂ ಅವರಿಗೆ ಉಳಿಯುತ್ತಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಇದೆ ಎಂದು ಆ ಕ್ಷಣದಲ್ಲಿ ತಿಳಿಯಿತು, ಅದಕ್ಕೇ ಬಾಯಿ ತೆರೆಯುವುದು ಕಷ್ಟವಾಯಿತು.

"ಸಡಿಲ ಐತ್ರಿ ಕಾಕಾ" ಎಂದೆ.

ಅವರು ತಾವೂ ಕೈ ಹಚ್ಚಿ ನೋಡಿದರು. ನಟ್ಟು ಅವರ ಬೆರಳಿಗೂ ತಿರುಗಿತು. ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು, ಆಮೇಲೆ ಪಾನಾ ನನ್ನ ಕಡೆಗೆ ಹಿಡಿದರು. ತೆಗೆದುಕೊಂಡು ಬಿಗಿದೆ, ಇನ್ನು ಆಗದು ಎನ್ನುವ ತನಕ ಬಿಗಿದೆ. ಪಿನ್ನು ತೂರಿಸಿ ಬಗ್ಗಿಸಿ ಪಕ್ಕಕ್ಕೆ ಸರಿದೆ. ಈಗ ಗಾಡಿಯಲ್ಲಿ ಕೂರುವವರು ಅವರ ಮಂದಿ, ತಪಾಸ ಅವರದು. ಅವರು ಮೊಣಕಾಲೂರಿ ಬಗ್ಗಿ, ಎರಡೂ ಕೈಯಿಂದ ನಟ್ಟು ಹಿಡಿದು, ಹಲ್ಲು ಕಚ್ಚಿ ತಿರುಗಿಸಲು ನೋಡಿದರು. ಅದು ಅಲುಗಲಿಲ್ಲ.

"ಮುಗೀತೇನ್ರಿ?" ಎಂದು ಕಾಕು ಒಳಗಿನಿಂದ ಕೇಳಿದರು.

"ನಾ ಬಿಗಿದದ್ದು ನಿಂದ್ರಲಿಲ್ಲ" ಎಂದರು ಕಾಕಾ, ಗಲ್ಲಿಯವರಿಗೂ ಕೇಳುವಷ್ಟು ಗಟ್ಟಿಯಾಗಿ. "ಈಕಿ ಬಿಗದಾಳ. ನಾಳಿ ಧೈರ್ಯದ್ಲೆ ಕೂತು ಹೋಗು."